ಬಿಸಿ ಒಳಗೆ, ಹೊಗೆ ಹೊರಗೆ

ಎಂಜಿನ್ ಮುಂಭಾಗದಲ್ಲಿರುವ ಹಳೆಯ ಬಸ್ಸುಗಳಲ್ಲಿ ಓಡಾಡಿದವರಿಗೆ ಡ್ರೈವರ್ ಪಕ್ಕದ ಬಾನೆಟ್ಟಿನ ಪರಿಚಯ ಇದ್ದೇ ಇರುತ್ತದೆ. ಸೀಟು ಸಿಗದ ದಿನ ಅದರ ಮೇಲೆ ಕುಳಿತವರಿಗೆ ಬೇಸಿಗೆಯಲ್ಲಿ ಅದು ಕಾದ ಕಾವಲಿ. ಮಾಗಿಯ ಬೆಳಗಿನ ಜಾವ ಘಾಟಿ ಹತ್ತುವಾಗ ಅದೇ ಬಾನೆಟ್ಟು ಹಿತವಾದ ಒಲೆ. ಆದರೆ ಕಾಲಿಗೆ ಬಿಸಿ ತಾಗುವುದರ ಜೊತೆಗೆ ಮೂಗಿಗೆ ಡೀಸೆಲ್ ವಾಸನೆಯೂ ಬಡಿಯುತ್ತದೆ. ಬಿಸಿ ಬೇಕು, ಹೊಗೆ ಬೇಡ ಎಂದರೆ ಹೇಗೆ?

ನಮ್ಮ ಬಸ್ಸಿನಲ್ಲಿ ಇದು ಒಂದೆರಡು ಗಂಟೆಯ ಕಿರಿಕಿರಿ ಅಷ್ಟೆ. ಶೂನ್ಯಕ್ಕಿಂತ ಐವತ್ತು ಅರವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ, ರಸ್ತೆಯೇ ಇಲ್ಲದ ಹಿಮದ ಬಯಲಿನಲ್ಲಿ ವಾರಗಟ್ಟಲೆ ಸಾಗುವವರಿಗೆ ಮಾತ್ರ ಇದು ಜೀವದ ಪ್ರಶ್ನೆ. ಚಳಿನಾಡಿನ ವಾಹನಗಳ ಇತಿಹಾಸವನ್ನು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಬಿಸಿಯನ್ನು ಹುಟ್ಟಿಸುವುದು ಎಂದೂ ದೊಡ್ಡ ಸಮಸ್ಯೆಯಾಗಿರಲಿಲ್ಲ. ಬಿಸಿಯ ಜೊತೆಯಲ್ಲೇ ಹುಟ್ಟುವ ವಿಷವನ್ನು ಅದರಿಂದ ಬೇರೆ ಮಾಡುವುದೇ ಕಷ್ಟದ ಕೆಲಸವಾಗಿತ್ತು.

ಯಂತ್ರ ಬಂತು, ಕೋಣೆ ಬರಲಿಲ್ಲ

ದಕ್ಷಿಣ ಧ್ರುವದ ಹಾದಿಗೆ ಮೋಟಾರು ವಾಹನವನ್ನು ಒಯ್ದ ಮೊದಲಿಗರಲ್ಲಿ ಬ್ರಿಟನ್ನಿನ ಕ್ಯಾಪ್ಟನ್ ರಾಬರ್ಟ್ ಸ್ಕಾಟ್ ಒಬ್ಬ. ಅವನ ಬಳಿ ಪಟ್ಟಿಗಾಲಿಗಳ ಮೂರು ಮೋಟಾರು ಜಾರುಬಂಡಿಗಳಿದ್ದವು. 1911ರ ಜನವರಿಯಲ್ಲಿ ಹಡಗಿನಿಂದ ಇಳಿಸುವಾಗಲೇ ಒಂದು ಬಂಡಿ ಮಂಜುಗಡ್ಡೆ ಒಡೆದು ಸಮುದ್ರದ ಪಾಲಾಯಿತು. ಉಳಿದೆರಡು ಆ ವರ್ಷದ ಕೊನೆಯಲ್ಲಿ ಧ್ರುವದತ್ತ ಹೊರಟ ಕೆಲವೇ ದಿನಗಳಲ್ಲಿ ಕೆಟ್ಟು ನಿಂತವು. ಗಾಳಿಯಿಂದ ತಣಿಯಬೇಕಿದ್ದ ಅವುಗಳ ಎಂಜಿನ್ ಮಿತಿಮೀರಿ ಕಾಯುತ್ತಿತ್ತು, ಆಗಾಗ ನಿಲ್ಲಿಸಿ ಆರಿಸಬೇಕಾಗುತ್ತಿತ್ತು. ಚಾಲಕನಿಗೆ ಮುಚ್ಚಿದ ಕೋಣೆ ಇರಲಿಲ್ಲ. ಕಾದು ಸೀಯುವ ಎಂಜಿನ್, ಅದರ ಪಕ್ಕದಲ್ಲೇ ಚಳಿಗೆ ಮರಗಟ್ಟುವ ಮನುಷ್ಯ: ಒಬ್ಬರ ಬಿಸಿ ಇನ್ನೊಬ್ಬರಿಗೆ ದಕ್ಕಲಿಲ್ಲ.

ನಲವತ್ತಾರು ವರ್ಷ ಕಳೆದ ಮೇಲೂ ಸ್ಥಿತಿ ಬಹಳ ಸುಧಾರಿಸಿರಲಿಲ್ಲ. ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ 1958ರ ಜನವರಿ 4ರಂದು ದಕ್ಷಿಣ ಧ್ರುವ ತಲಪಿದ್ದು ಮೂರು ಫರ್ಗುಸನ್ ಟ್ರಾಕ್ಟರುಗಳಲ್ಲಿ. ಹೊಲ ಉಳುವ ಟ್ರಾಕ್ಟರಿನ ಚಕ್ರಗಳ ಮೇಲೆ ಪಟ್ಟಿಗಾಲಿ ತೊಡಿಸಿ, ಚಾಲಕನಿಗೆ ಕ್ಯಾನ್ವಾಸಿನ ಮರೆ ಕಟ್ಟಿದ್ದರು. ಎಂಜಿನ್ನಿನಿಂದ ಬರುವ ಬಿಸಿಗಾಳಿಯಲ್ಲಿ ಒಂದಿಷ್ಟು ಆ ಮರೆಯೊಳಗೆ ಸಿಕ್ಕಿದರೆ ಅದೇ ಭಾಗ್ಯ.

ಜಿಪುಣ ಡೀಸೆಲ್

ಅಷ್ಟು ಹೊತ್ತಿಗೆ ಪೇಟೆಯ ಕಾರುಗಳಲ್ಲಿ ಹೀಟರ್ ಸಾಮಾನ್ಯವಾಗುತ್ತಿತ್ತು. ಅದರ ತತ್ವ ಸರಳ. ಎಂಜಿನ್ನನ್ನು ತಣಿಸಿ ಬಿಸಿಯಾದ ನೀರನ್ನು ಡ್ಯಾಶ್‌ಬೋರ್ಡಿನ ಕೆಳಗಿನ ಸಣ್ಣ ರೇಡಿಯೇಟರಿಗೆ ಹರಿಸಿ, ಫ್ಯಾನಿನಿಂದ ಗಾಳಿ ಊದುವುದು. ಹೊಗೆಗೂ ಒಳಗಿನ ಗಾಳಿಗೂ ನಡುವೆ ನೀರು ಇರುವುದರಿಂದ ಇದು ಸುರಕ್ಷಿತ. ಅಮೆರಿಕದ ನ್ಯಾಶ್ ಕಂಪನಿ 1938ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹೊರಗಿನ ಶುದ್ಧ ಗಾಳಿಯನ್ನೇ ಬಿಸಿ ಮಾಡಿ ಒಳಗೆ ತುಂಬಿದರೆ ಕಾರಿನೊಳಗಿನ ಒತ್ತಡ ತುಸು ಹೆಚ್ಚುತ್ತದೆ. ಆಗ ಬಾಗಿಲ ಸಂದುಗಳಿಂದ ಗಾಳಿ ಹೊರಹೋಗುತ್ತದೆಯೇ ಹೊರತು ಚಳಿಯಾಗಲಿ ದೂಳಾಗಲಿ ಒಳಗೆ ನುಗ್ಗುವುದಿಲ್ಲ.

ಆದರೆ ಕಾಡುಮೇಡು ಸುತ್ತುವ ವಾಹನಗಳಿಗೆ ಈ ಸುಖ ಅಷ್ಟು ಸುಲಭಕ್ಕೆ ಒದಗಲಿಲ್ಲ. 1948ರಲ್ಲಿ ಬಂದ ಲ್ಯಾಂಡ್ ರೋವರ್ ತೆಳು ಅಲ್ಯೂಮಿನಿಯಂ ಹೊದಿಕೆಯ, ಸಂದುಗೊಂದುಗಳ ವಾಹನ. ಹೀಟರ್ ಬೇಕಾದವರು ಬೇರೆ ದುಡ್ಡು ತೆರಬೇಕಿತ್ತು. 1957ರಲ್ಲಿ ಅದಕ್ಕೆ ಡೀಸೆಲ್ ಎಂಜಿನ್ ಬಂದಾಗ ಹೊಸ ತೊಡಕು ಎದುರಾಯಿತು. ಡೀಸೆಲ್ ಎಂಜಿನ್ ಸ್ವಭಾವತಃ ಜಿಪುಣ. ಇಂಧನದ ಶಕ್ತಿಯಲ್ಲಿ ಪೆಟ್ರೋಲ್ ಎಂಜಿನ್ನಿಗಿಂತ ಹೆಚ್ಚಿನ ಪಾಲನ್ನು ಅದು ಕೆಲಸಕ್ಕೆ ಬಳಸುತ್ತದೆ, ಬಿಸಿಯಾಗಿ ಪೋಲು ಮಾಡುವುದು ಕಡಿಮೆ. ಜೇಬಿಗೆ ಒಳ್ಳೆಯದಾದ ಈ ಗುಣವೇ ಚಳಿಯಲ್ಲಿ ಕೆಟ್ಟದ್ದಾಗುತ್ತದೆ. ಖಾಲಿ ಓಡುತ್ತಿರುವ ಡೀಸೆಲ್ ಎಂಜಿನ್ನಿನ ನೀರು ಎಷ್ಟು ಹೊತ್ತಾದರೂ ಉಗುರುಬೆಚ್ಚಗೇ ಉಳಿಯಬಹುದು. ರೇಡಿಯೇಟರಿಗೆ ರಟ್ಟು ಅಡ್ಡ ಕಟ್ಟುವ ಡ್ರೈವರುಗಳ ಹಳೆಯ ಉಪಾಯ ನೆರವಿಗೆ ಬರುವುದು ಇಂಥಲ್ಲಿ.

ಡೀಸೆಲಿಗೆ ಇನ್ನೊಂದು ದೋಷವೂ ಉಂಟು. ಅದರಲ್ಲಿ ಮೇಣದ ಅಂಶವಿದೆ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುವ ಹಾಗೆ ಅತಿ ಶೀತದಲ್ಲಿ ಡೀಸೆಲಿನ ಮೇಣ ಹರಳುಗಟ್ಟಿ ಫಿಲ್ಟರನ್ನು ಮುಚ್ಚುತ್ತದೆ. ಎಂಜಿನ್ ನಿಂತರೆ ಬಿಸಿಯೂ ನಿಂತಿತು.

ಎಂಜಿನ್ ಸಮೇತ ಒಂದು ಮನೆ

ಈ ಸಮಸ್ಯೆಗೆ ಅತ್ಯಂತ ಧೈರ್ಯದ ಉತ್ತರ ಕೊಟ್ಟವರು ಸೋವಿಯತ್ ಎಂಜಿನಿಯರುಗಳು. 1957ರ ಡಿಸೆಂಬರಿನಲ್ಲಿ ಅವರು ಅಂಟಾರ್ಕ್ಟಿಕಾದ ಒಳನಾಡಿನಲ್ಲಿ ವೋಸ್ತೋಕ್ ನಿಲ್ದಾಣವನ್ನು ಸ್ಥಾಪಿಸಿದರು. ಕರಾವಳಿಯ ಮಿರ್ನಿ ನೆಲೆಯಿಂದ ಅದು ಸುಮಾರು 1,400 ಕಿ.ಮೀ. ದೂರ, ಸಮುದ್ರಮಟ್ಟದಿಂದ ಸುಮಾರು ಮೂರೂವರೆ ಸಾವಿರ ಮೀಟರ್ ಎತ್ತರ. ಭೂಮಿಯ ಮೇಲೆ ಉಷ್ಣಮಾಪಕದಲ್ಲಿ ದಾಖಲಾದ ಅತಿ ಕನಿಷ್ಠ ಉಷ್ಣತೆ, ಅಂದರೆ ಮೈನಸ್ 89.2 ಡಿಗ್ರಿ ಸೆಲ್ಸಿಯಸ್, 1983ರ ಜುಲೈ 21ರಂದು ಕಂಡುಬಂದದ್ದು ಇಲ್ಲಿಯೇ. ಇಂಥ ಜಾಗಕ್ಕೆ ಇಂಧನ, ಆಹಾರ ಎಳೆದೊಯ್ಯಲು ಸಾಮಾನ್ಯ ಟ್ರಾಕ್ಟರು ಸಾಲದು.

ಉಕ್ರೇನಿನ ಹಾರ್ಕೊವ್ ನಗರದ ಕಾರ್ಖಾನೆ ಫಿರಂಗಿ ಎಳೆಯುವ ತನ್ನ ಭಾರೀ ಟ್ರಾಕ್ಟರಿನ ತಳಹದಿಯ ಮೇಲೆ ಒಂದು ಹೊಸ ವಾಹನ ಕಟ್ಟಿತು. ಊರಿನ ಹೆಸರಿನಿಂದಲೇ ಅದಕ್ಕೆ 'ಹಾರ್ಕೊವ್ಚಾಂಕಾ', ಅಂದರೆ ಹಾರ್ಕೊವಿನ ಹೆಣ್ಣು, ಎಂಬ ಹೆಸರು. ಸುಮಾರು 35 ಟನ್ ತೂಕ, ಎಂಟೂವರೆ ಮೀಟರ್ ಉದ್ದ, ಟ್ಯಾಂಕಿನ ವಂಶದ ಹನ್ನೆರಡು ಸಿಲಿಂಡರಿನ ಡೀಸೆಲ್ ಎಂಜಿನ್. ಎತ್ತರದ ತೆಳುಗಾಳಿಯಲ್ಲಿ ಎಂಜಿನ್ ಉಸಿರು ಕಟ್ಟದಂತೆ ಗಾಳಿಯನ್ನು ಒತ್ತಿ ತುಂಬುವ ವ್ಯವಸ್ಥೆಯಿತ್ತು. ಒಳಗೆ ಮಲಗಲು ಎಂಟು ಹಾಸಿಗೆ, ಅಡುಗೆಗೆ ಜಾಗ, ರೇಡಿಯೋ ಕೋಣೆ, ಶೌಚಾಲಯ, ಒದ್ದೆ ಬಟ್ಟೆ ಒಣಗಿಸುವ ಏರ್ಪಾಡು. ಗೋಡೆಗಳ ನಡುವೆ ಚಳಿ ತಡೆಯುವ ಪದರಗಳು.

ಎಲ್ಲಕ್ಕಿಂತ ದೊಡ್ಡ ವಿಶೇಷವೆಂದರೆ ಎಂಜಿನ್ ಇದ್ದದ್ದು ಈ ಮನೆಯೊಳಗೇ. ಅದಕ್ಕೆ ಎರಡು ಕಾರಣ. ಎಂಜಿನ್ನಿನ ಬಿಸಿ ಹೊರಗೆ ಪೋಲಾಗದೆ ಕೋಣೆಗೆ ಸಿಗಬೇಕು. ದಾರಿಯಲ್ಲಿ ಕೆಟ್ಟರೆ ಮೆಕ್ಯಾನಿಕ್ ಹೊರಗಿಳಿಯದೆ ಒಳಗಿನಿಂದಲೇ ರಿಪೇರಿ ಮಾಡುವಂತಿರಬೇಕು. ಮೈನಸ್ 60 ಡಿಗ್ರಿಯಲ್ಲಿ ಬರಿಗೈಯಿಂದ ಸ್ಪ್ಯಾನರ್ ಹಿಡಿದರೆ ಚರ್ಮ ಲೋಹಕ್ಕೆ ಅಂಟಿಕೊಳ್ಳುತ್ತದೆ ಎಂಬುದನ್ನು ನೆನೆದರೆ ಈ ಯೋಚನೆಯ ಬೆಲೆ ತಿಳಿಯುತ್ತದೆ. ಅಲೆಕ್ಸಾಂಡರ್ ದ್ರಾಲ್ಕಿನ್ ನೇತೃತ್ವದ ತಂಡ ಈ ವಾಹನಗಳಲ್ಲಿ ವೋಸ್ತೋಕ್ ಮೂಲಕ ಸಾಗಿ 1959ರ ಡಿಸೆಂಬರ್ 26ರಂದು ದಕ್ಷಿಣ ಧ್ರುವ ತಲಪಿತು.

ಆದರೆ ಬಾನೆಟ್ಟಿನ ಹಳೆಯ ತಕರಾರು ಇಲ್ಲಿಯೂ ತಪ್ಪಲಿಲ್ಲ. ಬಿಸಿಯ ಬೆನ್ನಿಗೇ ಎಂಜಿನ್ನಿನ ಹೊಗೆ ವಾಸಸ್ಥಾನಕ್ಕೆ ಸೋರುತ್ತಿತ್ತು. 1970ರ ದಶಕದ ನಡುವೆ ಎರಡನೆಯ ಮಾದರಿ ಸಿದ್ಧವಾದಾಗ ಹಾರ್ಕೊವಿನವರು ಎಂಜಿನ್ನನ್ನು ಮತ್ತೆ ಹೊರಗಿನ ಬಾನೆಟ್ಟಿಗೆ ಕಳಿಸಿದರು. ಚಾಲಕನ ಕೋಣೆಯೂ ಎಂಜಿನ್ನೂ ಮುಂದೆ, ವಾಸದ ಪೆಟ್ಟಿಗೆ ಹಿಂದೆ ಬೇರೆಯಾಗಿ. ರಿಪೇರಿಯ ಅನುಕೂಲ ಹೋಯಿತು, ಉಸಿರಾಡಲು ಒಳ್ಳೆಯ ಗಾಳಿ ಬಂತು. ಆ ವಾಹನಗಳು ದಶಕಗಳ ಕಾಲ ದುಡಿದವು.

ಕಾಣದ ವಿಷ

ಹೊಗೆಯ ವಾಸನೆ ಮೂಗಿಗೆ ಬಡಿದರೆ ಮನುಷ್ಯ ಎಚ್ಚರಗೊಳ್ಳುತ್ತಾನೆ. ಅಪಾಯ ಇರುವುದು ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲದಲ್ಲಿ. ಇಂಧನ ಪೂರ್ತಿ ಉರಿಯದಿದ್ದಾಗ ಇದು ಹೆಚ್ಚಾಗಿ ಹುಟ್ಟುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದಕ್ಕೆ ಅಂಟಿಕೊಳ್ಳುತ್ತದೆ. ತಲೆನೋವು, ಮಂಪರು, ನಿದ್ದೆ, ಆಮೇಲೆ ಏಳುವುದೇ ಇಲ್ಲ.

1934ರಲ್ಲಿ ಅಮೆರಿಕದ ಅಡ್ಮಿರಲ್ ರಿಚರ್ಡ್ ಬರ್ಡ್ ಅಂಟಾರ್ಕ್ಟಿಕಾದ ಒಂದು ಗುಡಿಸಲಿನಲ್ಲಿ ಚಳಿಗಾಲವನ್ನು ಒಬ್ಬನೇ ಕಳೆಯಲು ಹೋಗಿ ಈ ವಿಷಕ್ಕೆ ಸಿಕ್ಕಿ ಸಾವಿನ ಅಂಚು ತಲಪಿದ. ಒಲೆ ಹಚ್ಚಿದರೆ ವಿಷ, ಆರಿಸಿದರೆ ಚಳಿ. ಆಗಸ್ಟ್ ತಿಂಗಳಲ್ಲಿ ಮೂವರು ಸಂಗಡಿಗರು ಟ್ರಾಕ್ಟರಿನಲ್ಲಿ ಕತ್ತಲೆಯ ಹಿಮ ಸೀಳಿಕೊಂಡು ಬಂದು ಅವನನ್ನು ಉಳಿಸಿದರು. ಭಾರತವೂ ಈ ಪಾಠಕ್ಕೆ ಬೆಲೆ ತೆತ್ತಿದೆ. 1990ರ ಜನವರಿಯಲ್ಲಿ ನಮ್ಮ ಒಂಬತ್ತನೆಯ ಅಂಟಾರ್ಕ್ಟಿಕಾ ತಂಡದ ನಾಲ್ವರು ಸದಸ್ಯರು ಪರ್ವತ ಪ್ರದೇಶದ ಶಿಬಿರದಲ್ಲಿ ಇದೇ ಅನಿಲಕ್ಕೆ ಬಲಿಯಾದರು.

ಎರಡು ಉಸಿರುಗಳ ಹೀಟರ್

ಹಾಗಾದರೆ ದಾರಿ ಯಾವುದು? ಎಂಜಿನ್ನನ್ನೇ ನಂಬದೆ ವಾಹನಕ್ಕೆ ಪ್ರತ್ಯೇಕವಾದ ಒಂದು ಪುಟ್ಟ ಒಲೆ ಇಡುವುದು. ಜರ್ಮನಿಯ ಎಬರ್‌ಸ್ಪೇಶರ್ ಮತ್ತು ವೆಬಾಸ್ಟೊ ಕಂಪನಿಗಳು ಈ ಕೆಲಸಕ್ಕೆ ಹೆಸರಾದವು. ಇವುಗಳ ಹೀಟರ್ ವಾಹನದ ಟ್ಯಾಂಕಿನಿಂದಲೇ ಡೀಸೆಲನ್ನು ಹನಿಹನಿಯಾಗಿ ಎಳೆದು ಮುಚ್ಚಿದ ಕೊಳವೆಯೊಳಗೆ ಉರಿಸುತ್ತದೆ. ಉರಿಯಲು ಬೇಕಾದ ಗಾಳಿ ಬರುವುದು ವಾಹನದ ಹೊರಗಿನಿಂದ, ಹೊಗೆ ಹೋಗುವುದೂ ಹೊರಕ್ಕೆ. ಕೋಣೆಯ ಗಾಳಿ ಆ ಕೊಳವೆಯ ಹೊರಮೈಯನ್ನು ಮಾತ್ರ ಸವರಿಕೊಂಡು ಬಿಸಿಯಾಗಿ ಮರಳುತ್ತದೆ. ಒಂದೇ ಯಂತ್ರಕ್ಕೆ ಎರಡು ಉಸಿರು, ಅವು ಎಲ್ಲಿಯೂ ಸೇರುವುದಿಲ್ಲ. ಎರಡು ಕಿಲೋವಾಟಿನ ಇಂಥ ಹೀಟರಿಗೆ ಪೂರ್ಣ ಉರಿಯಲ್ಲೂ ಗಂಟೆಗೆ ಕಾಲು ಲೀಟರಿಗಿಂತ ತುಸು ಹೆಚ್ಚು ಡೀಸೆಲ್ ಸಾಕು. ಎಂಜಿನ್ ನಿಲ್ಲಿಸಿ ರಾತ್ರಿಯಿಡೀ ಬೆಚ್ಚಗೆ ಮಲಗಬಹುದು. ನೀರನ್ನು ಕಾಯಿಸುವ ಮಾದರಿಯಾದರೆ ಬೆಳಿಗ್ಗೆ ಎಂಜಿನ್ನಿಗೂ ಬಿಸಿನೀರಿನ ಸ್ನಾನ.

ಚೆಕ್ ದೇಶದ ಟಟ್ರಾ ಟ್ರಕ್ಕುಗಳಿಗೆ ಇಂಥ ಹೀಟರ್ ಅನಿವಾರ್ಯವೇ ಆಯಿತು. ಅವುಗಳ ಡೀಸೆಲ್ ಎಂಜಿನ್ ಗಾಳಿಯಿಂದ ತಣಿಯುವಂಥದು. ಹೆಪ್ಪುಗಟ್ಟಲು ನೀರೇ ಇಲ್ಲವಾದ್ದರಿಂದ ಸೈಬೀರಿಯಾದಲ್ಲಿ ಅವು ಬಲು ಹೆಸರು ಮಾಡಿದವು. ಆದರೆ ಕೋಣೆ ಕಾಯಿಸಲೂ ನೀರಿಲ್ಲ! ಎಂಜಿನ್ನಿಗೆ ಸಂಬಂಧವಿಲ್ಲದ ಹೀಟರನ್ನು ಅದಕ್ಕೆಂದೇ ಜೋಡಿಸಬೇಕಾಯಿತು. ಈ ಟಟ್ರಾಗಳು ಕನ್ನಡಿಗರಿಗೆ ಅಪರಿಚಿತವಲ್ಲ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯುಳ್ಳ ಬಿಇಎಂಎಲ್ 1980ರ ದಶಕದಿಂದ ಅವುಗಳನ್ನು ತಯಾರಿಸಿ ಭಾರತೀಯ ಸೇನೆಗೆ ಒದಗಿಸಿದೆ.

ಎಚ್ಚರವೇ ಕೊನೆಯ ಹೊದಿಕೆ

ಹೀಟರ್ ಬಂದ ಮಾತ್ರಕ್ಕೆ ಎಲ್ಲವೂ ಮುಗಿಯಲಿಲ್ಲ. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಂಥ ಊರಿನಲ್ಲಿ ಗಾಳಿ ತೆಳು. ಬಯಲುಸೀಮೆಗೆ ಹೊಂದಿಸಿದ ಹೀಟರಿಗೆ ಅಲ್ಲಿ ಇಂಧನ ಹೆಚ್ಚು, ಗಾಳಿ ಕಡಿಮೆ. ಅದು ಮಸಿ ಕಟ್ಟಿ ಕೆಡುತ್ತದೆ. ಆದ್ದರಿಂದ ಎತ್ತರಕ್ಕೆ ತಕ್ಕಂತೆ ಇಂಧನ ಕಡಿಮೆ ಮಾಡಬೇಕು. ಮೇಣಗಟ್ಟುವ ಡೀಸೆಲಿಗೆ ಸೀಮೆಎಣ್ಣೆ ಬೆರೆಸಿ ಓಡಿಸುವುದು ಲಡಾಖಿನ ಚಾಲಕರ ರೂಢಿಯಾಗಿತ್ತು. 2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಅಲ್ಲಿಗೆಂದೇ ಮೈನಸ್ 33 ಡಿಗ್ರಿಯವರೆಗೂ ಹರಿಯಬಲ್ಲ ಚಳಿಗಾಲದ ಡೀಸೆಲನ್ನು ಹೊರತಂದಿತು. ರಷ್ಯಾದ ಯಾಕುಟಿಯಾದಲ್ಲಿ ಕಿಟಕಿಗೆ ಎರಡನೆಯ ಗಾಜು ಅಂಟಿಸಿ, ಎಂಜಿನ್ನಿಗೆ ದಪ್ಪ ಕಂಬಳಿ ಹೊದಿಸಿ, ಹೊರಗೆ ನಿಲ್ಲಿಸಿದಾಗಲೂ ಎಂಜಿನ್ ಆರಿಸದೆ ಬಿಡುವುದು ವಾಡಿಕೆ. ಎರಡು ಗಾಜುಗಳ ನಡುವಿನ ಗಾಳಿಯೇ ಅಲ್ಲಿ ಚಳಿಗೆ ತಡೆ. ಒಂಟಿ ಗಾಜಾದರೆ ಕುಳಿತವರ ಉಸಿರಿನ ತೇವವೇ ಒಳಗಡೆ ಹಿಮವಾಗಿ ಕೂರುತ್ತದೆ.

ಇಷ್ಟೆಲ್ಲ ಅನುಭವದ ನಂತರವೂ 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರೀ ಗಿರಿಧಾಮದ ರಸ್ತೆಯಲ್ಲಿ ಹಿಮಪಾತಕ್ಕೆ ಸಿಲುಕಿದ ಕಾರುಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಪ್ರವಾಸಿಗರು ಸತ್ತರು. ಅವರಲ್ಲಿ ಹಲವರನ್ನು ಕೊಂದದ್ದು ಚಳಿಯಲ್ಲ, ಕಾರ್ಬನ್ ಮೊನಾಕ್ಸೈಡ್ ಎಂದು ವರದಿಯಾಯಿತು. ಬೆಚ್ಚಗಿರಲೆಂದು ಎಂಜಿನ್ ಓಡಿಸುತ್ತಾ ಕುಳಿತಾಗ ಸುತ್ತ ಏರಿದ ಹಿಮ ಸೈಲೆನ್ಸರಿನ ಬಾಯಿ ಮುಚ್ಚಿದರೆ ಹೊಗೆಗೆ ಉಳಿಯುವುದು ಒಳಗಿನ ದಾರಿಯೊಂದೇ.

ಹಿಮದ ನಾಡಿನ ಅನುಭವಿ ಚಾಲಕರು ವಾಹನ ನಿಲ್ಲಿಸಿ ಮಲಗುವ ಮುನ್ನ ಒಮ್ಮೆ ಹೊರಗಿಳಿದು ಸೈಲೆನ್ಸರಿನ ಸುತ್ತಲಿನ ಹಿಮವನ್ನು ಸನಿಕೆಯಿಂದ ಬಿಡಿಸುತ್ತಾರೆ. ರಾತ್ರಿ ಮತ್ತೆ ಎದ್ದು ನೋಡುತ್ತಾರೆ. ಗಾಳಿ ಬೀಸದ ಬದಿಯ ಕಿಟಕಿಯನ್ನು ಬೆರಳಗಲ ತೆರೆದಿಡುತ್ತಾರೆ. ಆ ಸಂದಿಯಿಂದ ಒಂದಿಷ್ಟು ಬಿಸಿ ಹೊರಹೋಗುವುದು ನಿಜ. ಅದನ್ನು ನಷ್ಟವೆಂದು ಅವರು ಎಣಿಸುವುದಿಲ್ಲ.