ಅಂಗೈಯ ಮೇಲಣ ಸರಸ್ವತಿ

ಪ್ರತಿವರ್ಷ ಪರೀಕ್ಷೆಗಳ ಫಲಿತಾಂಶ ಪ್ರಕಟವಾದೊಡನೆ ನಮ್ಮ ಮಠಗಳಲ್ಲಿಯೂ ಸಂಘಸಂಸ್ಥೆಗಳಲ್ಲಿಯೂ ಪ್ರತಿಭಾ ಪುರಸ್ಕಾರದ ಸಮಾರಂಭಗಳು ಮೊದಲಾಗುತ್ತವೆ. ಇಂತಿಷ್ಟು ಅಂಕಗಳಿಗೆ ಮೇಲ್ಪಟ್ಟು ಪಡೆದವರ ಪಟ್ಟಿ ಸಿದ್ಧವಾಗುತ್ತದೆ. ಮಕ್ಕಳಿಗೆ ಶಾಲು, ಫಲ, ಪ್ರಶಸ್ತಿಪತ್ರ, ತಂದೆತಾಯಿಗಳಿಗೆ ಸಂತೋಷ, ಸಾನ್ನಿಧ್ಯ ವಹಿಸಿದ ನಮ್ಮಂಥವರಿಗೆ ಒಂದು ಆಶೀರ್ವಚನ. ಬಡವರ ಮನೆಯ ಮಗು ವೇದಿಕೆಯನ್ನೇರಿ ನೂರಾರು ಜನರ ಮುಂದೆ ಮನ್ನಣೆ ಪಡೆಯುವುದು ಸಣ್ಣ ಸಂಗತಿಯಲ್ಲ. ಅದನ್ನು ನಾವು ಲಘುವಾಗಿ ಕಾಣುವುದಿಲ್ಲ. ಆದರೆ ವಾಚಕರು ಎಂದಾದರೂ ಯೋಚಿಸಿರುವರೋ ಇಲ್ಲವೋ, ಈ ಪದ್ಧತಿ ನಮ್ಮಲ್ಲಿ ಎಷ್ಟು ಹಳೆಯದು? ನಮ್ಮ ಹಿರಿಯರ ಕಾಲದ ಶಾಲೆಗಳಲ್ಲಿ ಜಾಣ ವಿದ್ಯಾರ್ಥಿಗೆ ದೊರೆಯುತ್ತಿದ್ದ ಗೌರವ ಯಾವ ಬಗೆಯದಾಗಿತ್ತು? ಅದಕ್ಕೂ ಮಿಗಿಲಾಗಿ, ಆ ಶಾಲೆಗಳು ಕಲಿಸುವ ಕ್ರಮದಲ್ಲಿ ಜಗತ್ತು ಒಪ್ಪುವಂಥ ಹೊಸತೇನನ್ನಾದರೂ ಕಂಡುಕೊಂಡಿದ್ದವೆ?

ಈ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ದಾಖಲೆಯೊಂದು ಬಳ್ಳಾರಿ ಜಿಲ್ಲೆಗೆ ಸಂಬಂಧಿಸಿದಂತೆ ಉಳಿದುಬಂದಿದೆ. 1822ರಲ್ಲಿ ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ ತನ್ನ ಆಧಿಪತ್ಯದ ಎಲ್ಲ ಜಿಲ್ಲೆಗಳ ಕಲೆಕ್ಟರರಿಗೆ ಒಂದು ಆಜ್ಞೆಯನ್ನು ಕಳುಹಿಸಿದನು. ಅವರವರ ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಅವುಗಳಲ್ಲಿ ಯಾವ ಯಾವ ಜಾತಿಯ ಮಕ್ಕಳು ಎಷ್ಟೆಷ್ಟು ಮಂದಿ ಓದುತ್ತಾರೆ, ಏನನ್ನು ಓದುತ್ತಾರೆ ಎಂಬುದನ್ನು ತಿಳಿಸಬೇಕೆಂಬುದೇ ಆ ಆಜ್ಞೆ. ಮನ್ರೋ ಬಳ್ಳಾರಿಗೆ ಹೊಸಬನಲ್ಲ. 1800ರಿಂದ 1807ರವರೆಗೆ ದತ್ತ ಮಂಡಲದ ಕಲೆಕ್ಟರನಾಗಿ ಈ ಸೀಮೆಯ ಹಳ್ಳಿಹಳ್ಳಿಯನ್ನೂ ಕಂಡವನು. ಅವನ ಪ್ರಶ್ನೆಗೆ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್ಬೆಲ್ 1823ರ ಆಗಸ್ಟ್ 17ರಂದು ಉತ್ತರ ಬರೆದನು. ಈತ ತೆಲುಗು ಭಾಷೆಗೆ ವ್ಯಾಕರಣ ಬರೆದ ವಿದ್ವಾಂಸನಾದುದರಿಂದ ಬರಿಯ ಅಂಕಿಗಳನ್ನು ತುಂಬಿ ಕೈತೊಳೆದುಕೊಳ್ಳಲಿಲ್ಲ. ಶಾಲೆಯೊಳಗೆ ಏನು ನಡೆಯುತ್ತದೆಂಬುದನ್ನು ವಿಸ್ತಾರವಾಗಿ ವರ್ಣಿಸಿದನು. ಮನ್ರೋನ ಈ ಸಮೀಕ್ಷೆಯ ಕಾಗದಪತ್ರಗಳನ್ನು ಗಾಂಧೀವಾದಿ ವಿದ್ವಾಂಸರಾದ ಧರ್ಮಪಾಲರು 1983ರಲ್ಲಿ ಒಟ್ಟಾಗಿ ಪ್ರಕಟಿಸಿದ ಮೇಲೆ ಅವು ಎಲ್ಲರ ಕೈಗೂ ಎಟುಕುವಂತಾದವು.

ಆಗಿನ ಬಳ್ಳಾರಿ ಜಿಲ್ಲೆ ಇಂದಿನದಕ್ಕಿಂತ ಬಹಳ ವಿಶಾಲವಾದುದು. ಅನಂತಪುರವು ಅದರಿಂದ ಬೇರ್ಪಟ್ಟದ್ದು 1882ರಲ್ಲಿ. ಕ್ಯಾಂಪ್ಬೆಲ್ಲನ ಲೆಕ್ಕದಂತೆ ಜಿಲ್ಲೆಯ ಜನಸಂಖ್ಯೆ 9,27,857, ಶಾಲೆಗಳು 533, ವಿದ್ಯಾರ್ಥಿಗಳು 6,641. ಕನ್ನಡ ಕಲಿಸುವ ಶಾಲೆಗಳು 235, ತೆಲುಗಿನವು 226, ಮರಾಠಿಯವು 23, ಪಾರಸಿಯವು 21, ತಮಿಳಿನವು 4. ಇಂಗ್ಲಿಷ್ ಕಲಿಸುತ್ತಿದ್ದ ಶಾಲೆ ಇಡೀ ಜಿಲ್ಲೆಯಲ್ಲಿ ಒಂದೇ ಒಂದು. ಉಳಿದ 23 ಬ್ರಾಹ್ಮಣರಿಗಷ್ಟೇ ಮೀಸಲಾದ ಸಂಸ್ಕೃತ ಪಾಠಶಾಲೆಗಳು. ಈ ಶಾಲೆಗಳನ್ನು ಸರಕಾರ ನಡೆಸುತ್ತಿರಲಿಲ್ಲ; ಊರವರು ಕೊಡುವ ಹಣ ಧಾನ್ಯಗಳಿಂದಲೇ ಗುರುವಿನ ಜೀವನ ಸಾಗಬೇಕಾಗಿತ್ತು. ಜನರ ಬಾಯಲ್ಲಿ ಅವುಗಳಿಗೆ ‘ಮಠ’ ಎಂದೇ ಹೆಸರು. ಮೈಸೂರು ಸೀಮೆಯಲ್ಲಿ ಅವನ್ನೇ ಕೂಲಿಮಠ ಎನ್ನುತ್ತಿದ್ದರು. ಮಠವೆಂದರೆ ಕಲಿಯುವ ತಾಣವೆಂಬ ಅರ್ಥ ಕನ್ನಡಿಗರ ಮನಸ್ಸಿನಲ್ಲಿ ಎಷ್ಟು ಬೇರೂರಿತ್ತೆಂದರೆ, 1865ರಲ್ಲಿ ಧಾರವಾಡ ಸೀಮೆಯ ಶಾಲಾಶಿಕ್ಷಕರಿಗಾಗಿ ಮಾಸಪತ್ರಿಕೆಯೊಂದು ಹೊರಟಾಗ ಅದಕ್ಕೆ ‘ಮಠಪತ್ರಿಕೆ’ ಎಂದೇ ನಾಮಕರಣವಾಯಿತು. ಮುಂದೆ ‘ಜೀವನ ಶಿಕ್ಷಣ’ವೆಂದು ಹೆಸರಾದದ್ದು ಅದೇ.

ಇನ್ನು ಶಾಲೆಯೊಳಕ್ಕೆ ಹೋಗೋಣ. ಬೆಳಗಿನ ಆರು ಗಂಟೆಗೆ ಮಕ್ಕಳು ಬರಬೇಕು. ಎಲ್ಲರಿಗಿಂತ ಮುಂಚೆ ಬಂದ ಹುಡುಗನ ಅಂಗೈಯ ಮೇಲೆ ಗುರು ಸರಸ್ವತಿಯ ಹೆಸರನ್ನು ಬರೆಯುತ್ತಾನೆ. ಅದು ಗೌರವದ ಗುರುತು. ಎರಡನೆಯವನ ಅಂಗೈಗೆ ಒಂದು ಸೊನ್ನೆ. ಅವನು ಹೊಗಳಿಕೆಗೂ ಪಾತ್ರನಲ್ಲ, ತೆಗಳಿಕೆಗೂ ಪಾತ್ರನಲ್ಲ ಎಂದರ್ಥ. ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆಯೇ ಬಂದವರಿಗೆಲ್ಲ ಒಂದೊಂದು ಹೆಚ್ಚು. ಕೊನೆಗೆ ಬಂದವನ ಪಾಡನ್ನು ವಾಚಕರೇ ಊಹಿಸಿಕೊಳ್ಳಬಹುದು! ಏಟಿನ ಮಾತು ಹಾಗಿರಲಿ. ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸುವುದು ಆ ಅಂಗೈಯ ಬರೆಹ. ಅದು ಬುದ್ಧಿಶಕ್ತಿಗೆ ಕೊಟ್ಟ ಪ್ರಶಸ್ತಿಯಲ್ಲ. ಹೊತ್ತಿಗೆ ಎದ್ದು ಬಂದ ಶ್ರದ್ಧೆಗೆ ಕೊಟ್ಟದ್ದು. ಮಂದಮತಿಯಾದ ಹುಡುಗನೂ ಬೇಗನೆ ಎದ್ದರೆ ಅದನ್ನು ಗಳಿಸಬಹುದಾಗಿತ್ತು. ಸಂಜೆ ಕೈತೊಳೆದರೆ ಅದು ಹೋಯಿತು, ಮರುದಿನ ಮತ್ತೊಬ್ಬನ ಸರದಿ. ಗೋಡೆಗೆ ತೂಗುಹಾಕುವಂಥದಲ್ಲ, ವರ್ಷಗಟ್ಟಲೆ ಹೇಳಿಕೊಳ್ಳುವಂಥದೂ ಅಲ್ಲ. ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ದಿನದಿನವೂ ಹೊಸದಾಗಿ ಪೂಜಿಸುವ ನಮ್ಮ ಮಕ್ಕಳಿಗೆ, ಆ ಅಂಗೈಯ ಗೌರವ ಅಪರಿಚಿತವಾಗಿ ತೋರಿರಲಾರದು.

ಹಾಗಾದರೆ ಕಲಿಕೆಯಲ್ಲಿ ಮುಂದುವರಿದ ಹುಡುಗನಿಗೆ ದೊರೆಯುತ್ತಿದ್ದುದೇನು? ಅವನಿಗೆ ದೊರೆಯುತ್ತಿದ್ದುದು ಕೆಲಸ. ಶಾಲೆಯ ಮಕ್ಕಳನ್ನು ಅವರ ಕಲಿಕೆಗೆ ತಕ್ಕಂತೆ ಸಾಮಾನ್ಯವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸುತ್ತಿದ್ದರು. ಮೇಲಿನ ವರ್ಗಗಳನ್ನು ಗುರುವು ತಾನೇ ನೋಡಿಕೊಂಡರೆ, ಕೆಳಗಿನ ವರ್ಗಗಳ ಅಕ್ಷರ, ಕಾಗುಣಿತ, ಮಗ್ಗಿಗಳ ಹೊಣೆ ಹಿರಿಯ ವಿದ್ಯಾರ್ಥಿಗಳ ಮೇಲೆ. ಬರೆಯಲು ಕಾಗದವಿಲ್ಲ, ನೆಲದ ಮೇಲೆ ಮರಳು ಹರಡಿ ಬೆರಳಿನಿಂದಲೇ ಅಕ್ಷರ ತಿದ್ದುವುದು. ಕಲಿಸುವವನಿಗೆ ತಾನು ಕಲಿತದ್ದು ಗಟ್ಟಿಯಾಗುತ್ತದೆ, ಕಲಿಯುವವನಿಗೆ ತನ್ನಂಥವನೇ ಗುರುವಾಗುತ್ತಾನೆ, ಖರ್ಚಂತೂ ಏನೂ ಇಲ್ಲ. ಕ್ಯಾಂಪ್ಬೆಲ್ ಮೆಚ್ಚಿಕೊಂಡದ್ದು ಈ ಎರಡನ್ನೇ. ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯೋಗ್ಯವೇ ಆಯಿತೆಂದು ಆತ ತನ್ನ ಮೇಲಧಿಕಾರಿಗಳಿಗೆ ಬರೆದನು.

ಈ ಅನುಕರಣದ ಕಥೆಯನ್ನು ನಮ್ಮವರು ಹೆಚ್ಚಾಗಿ ಅರಿತಿಲ್ಲವಾದ್ದರಿಂದ ಸ್ವಲ್ಪ ವಿಸ್ತರಿಸುತ್ತೇವೆ. ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ 1789ರಿಂದ ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳಿಗಾಗಿ ನಡೆಯುತ್ತಿದ್ದ ಶಾಲೆಯ ಮೇಲ್ವಿಚಾರಕನಾಗಿದ್ದನು. ಅಲ್ಲಿಯ ಉಪಾಧ್ಯಾಯರು ಅವನ ಮಾತು ಕೇಳುವವರಲ್ಲ. ಒಂದು ದಿನ ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುತ್ತಿದ್ದುದು ಅವನ ಕಣ್ಣಿಗೆ ಬಿದ್ದಿತು. ಅದನ್ನು ತನ್ನ ಶಾಲೆಗೆ ತಂದನು. ಉಪಾಧ್ಯಾಯರು ಒಲ್ಲೆನೆಂದಾಗ ಹಿರಿಯ ಹುಡುಗರಿಂದಲೇ ಕಿರಿಯರಿಗೆ ಕಲಿಸಿಸಿದನು. 1796ರಲ್ಲಿ ಸ್ವದೇಶಕ್ಕೆ ಮರಳಿ ಮರುವರ್ಷವೇ ಈ ಪ್ರಯೋಗದ ಬಗ್ಗೆ ಪುಸ್ತಕ ಬರೆದನು. ಬಡವರ ಮಕ್ಕಳಿಗೆ ವಿದ್ಯೆ ಕೊಡಲು ಹಣವೂ ಶಿಕ್ಷಕರೂ ಇಲ್ಲದೆ ಕಂಗೆಟ್ಟಿದ್ದ ಇಂಗ್ಲೆಂಡಿನಲ್ಲಿ ಅದು ‘ಮದರಾಸು ಪದ್ಧತಿ’ ಎಂದೇ ಹೆಸರಾಯಿತು. 1811ರ ನಂತರ ಅಲ್ಲಿಯ ಚರ್ಚಿನ ಶಾಲೆಗಳಲ್ಲಿ ವ್ಯಾಪಕವಾಗಿ ಹರಡಿತು. ಲಂಡನ್ನಿನ ಜೋಸೆಫ್ ಲ್ಯಾಂಕಾಸ್ಟರನೂ ಇಂಥದೇ ಕ್ರಮವನ್ನು ನಡೆಸುತ್ತಿದ್ದನು. ಯಾರು ಮೊದಲು ಎಂದು ಇಬ್ಬರ ಅನುಯಾಯಿಗಳೂ ಬಹುಕಾಲ ವಾದಿಸಿದರು. ದಕ್ಷಿಣ ಭಾರತದ ಹಳ್ಳಿಗಳ ಗುರುಗಳು ಆ ವಾದವನ್ನು ಕೇಳಿದ್ದರೆ ನಕ್ಕುಬಿಡುತ್ತಿದ್ದರು.

ಹೀಗೆಂದು ಹಳೆಯದೆಲ್ಲವೂ ಹೊನ್ನೆಂದು ಹೇಳಲು ನಾವು ಸಿದ್ಧರಿಲ್ಲ. ಮೈಗಳ್ಳ ಹುಡುಗನ ಎರಡೂ ಕೈಗಳನ್ನು ಕಟ್ಟಿ ಮಾಡಿನಿಂದ ತೂಗುಬಿಡುವ ಶಿಕ್ಷೆಯನ್ನು ಕ್ಯಾಂಪ್ಬೆಲ್ ಉಲ್ಲೇಖಿಸಿದ್ದಾನೆ. ನಮ್ಮ ಹಿರಿಯರು ಕೋದಂಡವೆಂದು ನೆನೆದು ನಡುಗುತ್ತಿದ್ದುದು ಇದನ್ನೇ. ಬಸ್ಕಿ ಹೊಡೆಸುವುದಂತೂ ನಿತ್ಯದ ಮಾತು. ಕಾವ್ಯಗಳನ್ನು ಸಾವಿರಾರು ಪದ್ಯಗಳವರೆಗೆ ಕಂಠಪಾಠ ಮಾಡಿಸಿದರೂ ಅರ್ಥ ಹೇಳುತ್ತಿರಲಿಲ್ಲ. ಗಿಳಿಗೆ ಮಾತು ಕಲಿಸಿದಂತೆ ಎಂಬುದು ಆತನ ದೂರು. ಈ ದೂರು ಸುಳ್ಳೆಂದು ನಮಗೆ ತೋರುವುದಿಲ್ಲ. ಲಿಂಗಧಾರಿಗಳ ಮಕ್ಕಳು ಓದುತ್ತಿದ್ದ ಗ್ರಂಥಗಳ ಹೆಸರುಗಳನ್ನೂ ಆತ ಕೊಟ್ಟಿದ್ದಾನೆ. ಇಂಗ್ಲಿಷ್ ಬರೆಹದಲ್ಲಿ ಅವು ವಿಕಾರಗೊಂಡಿದ್ದರೂ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣಗಳನ್ನು ಗುರುತಿಸುವುದು ಕಷ್ಟವಲ್ಲ. ಅನುಭವಾಮೃತವೂ ಅಲ್ಲಿದೆ, ಅದು ಮಹಲಿಂಗರಂಗನದಾದರೆ ವೀರಶೈವ ಗ್ರಂಥವಲ್ಲ, ಅದ್ವೈತ ಗ್ರಂಥ. ನಮ್ಮ ಮಕ್ಕಳು ಅದನ್ನು ಓದುತ್ತಿದ್ದರೆಂಬುದು ಮೆಚ್ಚತಕ್ಕ ಸಂಗತಿ. ಆದರೆ ಆ ಪಟ್ಟಿಯಲ್ಲಿ ಶರಣರ ವಚನಗಳ ಹೆಸರಿಲ್ಲ! ಆಡುಮಾತಿನಲ್ಲಿಯೇ ಇರುವ, ಅರ್ಥ ತಿಳಿಯದೆ ಬಾಯಿಪಾಠ ಮಾಡಬೇಕಾಗಿಲ್ಲದ ಸಾಹಿತ್ಯ ನಮ್ಮಲ್ಲಿದ್ದೂ ಅದು ಶಾಲೆಯ ಮಣೆಯನ್ನೇರಿದಂತೆ ಕಾಣುವುದಿಲ್ಲ. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾದದ್ದು 1923ರಲ್ಲಿ, ಈ ವರದಿಗೆ ಸರಿಯಾಗಿ ನೂರು ವರ್ಷಗಳ ಮೇಲೆ.

ಇನ್ನೊಂದು ಅಂಕಿ ಇದಕ್ಕಿಂತಲೂ ಹೆಚ್ಚಾಗಿ ನೋಯಿಸುತ್ತದೆ. 6,641 ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ಕೇವಲ 60. ಗಂಡುಮಕ್ಕಳಲ್ಲಿ ಬ್ರಾಹ್ಮಣರು 1,185, ವೈಶ್ಯರು 981, ಶೂದ್ರರೆಂದು ಬರೆದವರು 2,998, ‘ಇತರ ಜಾತಿ’ಯವರು 1,174, ಮುಸಲ್ಮಾನರು 243. ನಮ್ಮವರಿಗೆಂದು ಪ್ರತ್ಯೇಕ ಅಂಕಣವಿಲ್ಲವಾದುದರಿಂದ ಅವರೆಷ್ಟು ಮಂದಿಯೆಂದು ಲೆಕ್ಕ ಹಾಕಲಾಗದು. ವಿದ್ಯೆ ಒಂದೇ ಜಾತಿಯ ಸೊತ್ತಾಗಿತ್ತೆಂಬ ಮಾತಿಗೆ ಈ ಅಂಕಿಗಳು ಹೊಂದಿಕೊಳ್ಳುವುದಿಲ್ಲ, ಅಷ್ಟರಮಟ್ಟಿಗೆ ಸಮಾಧಾನ. ಆದರೆ ಹನ್ನೆರಡನೆಯ ಶತಮಾನದಲ್ಲಿ ಹೆಂಗಸರು ಅನುಭಾವವನ್ನು ಮಾತನಾಡಿದ ನಾಡಿನಲ್ಲಿ, ಏಳು ಶತಮಾನಗಳ ಬಳಿಕ, ಒಂಬತ್ತು ಲಕ್ಷ ಜನರ ನಡುವೆ ಅರವತ್ತು ಹುಡುಗಿಯರು! ಅಂಗೈಯ ಮೇಲೆ ಬರೆದ ಹೆಸರು ಒಬ್ಬ ದೇವಿಯದೆಂಬುದನ್ನು ನೆನೆದರೆ ಇದು ಇನ್ನೂ ವಿಚಿತ್ರವಾಗಿ ಕಾಣುತ್ತದೆ.

ಸಾವಿರಕ್ಕೆ ಏಳು ಮಂದಿಯೂ ಶಾಲೆಯಲ್ಲಿಲ್ಲವೆಂದು ಕ್ಯಾಂಪ್ಬೆಲ್ ಖೇದಪಟ್ಟನು. ಹಿಂದೆ ಶಾಲೆಗಳಿದ್ದ ಅನೇಕ ಹಳ್ಳಿಗಳಲ್ಲಿ ಈಗ ಒಂದೂ ಇಲ್ಲವೆಂದೂ, ಐರೋಪ್ಯ ಬಟ್ಟೆಗಳು ಬಂದು ನೇಕಾರರ ಉದ್ಯೋಗ ಕೆಟ್ಟು ದೇಶ ಬಡವಾಗುತ್ತಿರುವುದೇ ಇದಕ್ಕೆ ಕಾರಣವೆಂದೂ ಕಂಪನಿಯ ನೌಕರನೇ ಬರೆದನೆಂಬುದನ್ನು ಗಮನಿಸಬೇಕು. ಮನ್ರೋ 1826ರಲ್ಲಿ ಜಿಲ್ಲೆಗಳಲ್ಲಿಯೂ ತಾಲೂಕುಗಳಲ್ಲಿಯೂ ಸರಕಾರಿ ಶಾಲೆಗಳ ಯೋಜನೆಯೊಂದನ್ನು ಹಾಕಿದನು. ಮರುವರ್ಷ ಜುಲೈಯಲ್ಲಿ ಪತ್ತಿಕೊಂಡದಲ್ಲಿ ವಾಂತಿಭೇದಿಯಿಂದ ತೀರಿಕೊಂಡನು, ಯೋಜನೆಯೂ ಬೆಳೆಯಲಿಲ್ಲ.

ಇತ್ತ ಇಂಗ್ಲೆಂಡಿನಲ್ಲಿ ಮದರಾಸು ಪದ್ಧತಿಯ ಕಾಲ ಮುಗಿಯಿತು. 1862ರಲ್ಲಿ ಅಲ್ಲಿ ಹೊಸ ನಿಯಮವೊಂದು ಬಂದಿತು. ತನಿಖಾಧಿಕಾರಿ ಶಾಲೆಗೆ ಬಂದು ಒಂದೊಂದು ಮಗುವನ್ನೂ ಓದು, ಬರೆಹ, ಲೆಕ್ಕಗಳಲ್ಲಿ ಪರೀಕ್ಷಿಸುವನು. ಪಾಸಾದ ಮಕ್ಕಳ ಲೆಕ್ಕದಂತೆ ಶಾಲೆಗೆ ಹಣ. ಇದೇ ‘ಫಲಾನುಸಾರ ವೇತನ’. ಸ್ವತಃ ತನಿಖಾಧಿಕಾರಿಯಾಗಿದ್ದ ಕವಿ ಮ್ಯಾಥ್ಯೂ ಆರ್ನಲ್ಡ್ ಇದನ್ನು ತೀವ್ರವಾಗಿ ವಿರೋಧಿಸಿದನು. ಮಕ್ಕಳು ಪುಸ್ತಕವನ್ನು ಅರ್ಥವಿಲ್ಲದೆ ಬಾಯಿಪಾಠ ಮಾಡಿ ಒಪ್ಪಿಸತೊಡಗಿದರು. ಬಳ್ಳಾರಿಯ ಗಿಳಿ ಲಂಡನ್ನಿನಲ್ಲಿಯೂ ಮಾತನಾಡಿತೆನ್ನಬೇಕು. ಅಲ್ಲಿ ಆ ನಿಯಮ 1890ರ ದಶಕದಲ್ಲಿ ತೊಲಗಿತು. ಆದರೆ ಅಷ್ಟರಲ್ಲಿ ಮುಂಬಯಿ ಆಧಿಪತ್ಯದಲ್ಲಿಯೂ ಸಹಾಯಧನ ಪಡೆಯುವ ಶಾಲೆಗಳಿಗೆ ಅದನ್ನು ಅನ್ವಯಿಸಿಯಾಗಿತ್ತು. ನಮ್ಮ ಕಡೆ ಪಾಸು, ನಾಪಾಸು, ಅಂಕ ಎಂಬ ಮಾತುಗಳು ಮಗುವಿನ ಯೋಗ್ಯತೆಯ ಅಳತೆಗೋಲಾಗಿ ನೆಲೆನಿಂತದ್ದು ಈ ಕಾಲದಲ್ಲಿಯೇ. ಮುಂದಿನವನು ಹಿಂದಿನವನಿಗೆ ಕಲಿಸುವುದು ಆ ಅಳತೆಗೋಲಿನಲ್ಲಿ ಯಾವ ಲೆಕ್ಕಕ್ಕೂ ಬರಲಿಲ್ಲ. ನಮ್ಮ ಪುರಸ್ಕಾರದ ಪಟ್ಟಿಗಳು ಇದೇ ವಂಶದವು. ಮರಳಿನ ಮೇಲೆ ತಮ್ಮಂದಿರ ಬೆರಳು ಹಿಡಿದು ತಿದ್ದಿಸಿದ ಹುಡುಗರ ವಂಶದವಲ್ಲ.

ಆದರೂ ಆ ವಂಶ ನಿಂತುಹೋಗಲಿಲ್ಲ. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಹುಟ್ಟಿದಾಗ ಅದಕ್ಕೆ ಮೊದಲಿಟ್ಟವರಲ್ಲಿ ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ ಮೊದಲಾದ ತರುಣ ಪದವೀಧರರಿದ್ದರು. ಪದವಿ ಪಡೆದವನಿಗೆ ಸರಕಾರದ ದೊಡ್ಡ ನೌಕರಿ ಬಾಗಿಲಲ್ಲಿ ಕಾದಿದ್ದ ಕಾಲ ಅದು. ಅವರು ಉಪಾಧ್ಯಾಯರಾದರು. ಅದೇ ವರ್ಷ ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘವೂ ತಲೆಯೆತ್ತಿತು.

ಇತ್ತೀಚಿನ ಉದಾಹರಣೆ ಸರಕಾರಿ ಶಾಲೆಗಳದ್ದೇ ಇದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಕಾಡಂಚಿನ ತಾಲೂಕು. ಒಬ್ಬನೇ ಶಿಕ್ಷಕ ಒಂದೇ ಕೊಠಡಿಯಲ್ಲಿ ಮೂರು ನಾಲ್ಕು ತರಗತಿಗಳನ್ನು ನಡೆಸಬೇಕಾದ ಶಾಲೆಗಳು ಅಲ್ಲಿ ಬಹಳ. 1995ರಲ್ಲಿ ಆ ತಾಲೂಕಿನ ಪ್ರಾಥಮಿಕ ಶಿಕ್ಷಕರು, ಯುನಿಸೆಫಿನ ನೆರವಿನಿಂದ, ಆಂಧ್ರದ ಮದನಪಲ್ಲಿಯ ಬಳಿಯ ಋಷಿವ್ಯಾಲಿಯವರು ಹಳ್ಳಿಯ ಶಾಲೆಗಳಲ್ಲಿ ನಡೆಸುತ್ತಿದ್ದ ಪ್ರಯೋಗವನ್ನು ಕಂಡುಬಂದು ‘ನಲಿ-ಕಲಿ’ಯನ್ನು ಆರಂಭಿಸಿದರು. ಪಾಠಗಳನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಕಾರ್ಡುಗಳಲ್ಲಿ ಬರೆದರು. ಒಂದೊಂದು ಮಗುವೂ ತನ್ನ ವೇಗದಲ್ಲಿ ಏಣಿ ಹತ್ತಬೇಕು. ಜ್ವರ ಬಂದು ಹದಿನೈದು ದಿನ ತಪ್ಪಿಸಿಕೊಂಡ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬೇಕು. ಮಕ್ಕಳು ನೆಲದ ಮೇಲೆ ದುಂಡಗೆ ಗುಂಪುಗಳಲ್ಲಿ ಕುಳಿತುಕೊಳ್ಳುತ್ತಾರೆ. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ನೆರವು, ಮತ್ತೊಂದಕ್ಕೆ ಸ್ವಲ್ಪ ನೆರವು. ಇನ್ನೊಂದರಲ್ಲಿ ಬಲ್ಲ ಮಗು ಅರಿಯದ ಮಗುವಿಗೆ ಹೇಳಿಕೊಡುತ್ತದೆ. ಕೊನೆಯದರಲ್ಲಿ ಮಗು ತಾನೇ ಕಲಿಯುತ್ತದೆ. 1823ರ ವರದಿಯನ್ನು ಓದಿದವರಿಗೆ ಈ ಗುಂಪುಗಳು ಹೊಸವೆನಿಸುವುದಿಲ್ಲ. ವ್ಯತ್ಯಾಸವೆಂದರೆ ಇಲ್ಲಿ ಕೋದಂಡವಿಲ್ಲ, ಮತ್ತು ಅರವತ್ತು ಎಂಬ ಅಂಕಿ ಇಲ್ಲ. ಗಂಡುಮಕ್ಕಳ ಪಕ್ಕದಲ್ಲಿಯೇ ಹೆಣ್ಣುಮಕ್ಕಳು ಕುಳಿತಿದ್ದಾರೆ, ಹಲವೆಡೆ ಹೇಳಿಕೊಡುವವರೂ ಅವರೇ.

2009-10ರಲ್ಲಿ ಸರಕಾರ ಈ ಕ್ರಮವನ್ನು ರಾಜ್ಯದ ಕನ್ನಡ ಮಾಧ್ಯಮದ ಸರಕಾರಿ ಪ್ರಾಥಮಿಕ ಶಾಲೆಗಳ ಕೆಳಗಿನ ತರಗತಿಗಳಿಗೆ ವಿಸ್ತರಿಸಿತು. ಎಲ್ಲ ಕಡೆಯೂ ಅದು ಕೋಟೆ ತಾಲೂಕಿನ ಉತ್ಸಾಹದಿಂದ ನಡೆಯಲಿಲ್ಲ. ತಾವೇ ಕಟ್ಟಿಕೊಂಡದ್ದನ್ನು ನಡೆಸುವ ಶಿಕ್ಷಕರಿಗೂ ಆಜ್ಞೆಯ ಮೇರೆಗೆ ನಡೆಸುವವರಿಗೂ ಅಂತರವಿದ್ದೇ ಇರುತ್ತದೆ. ಒಂದರಿಂದ ಮೂರನೆಯ ತರಗತಿಯವರೆಗೆ ಮಗು ಈ ಏಣಿಯ ಮೇಲಿರುತ್ತದೆ. ನಾಲ್ಕನೆಯ ತರಗತಿಗೆ ಬಂದೊಡನೆ ಗುಂಪುಗಳು ಚದುರುತ್ತವೆ, ಮಕ್ಕಳು ಸಾಲಾಗಿ ಕುಳಿತುಕೊಳ್ಳುತ್ತಾರೆ, ಅಂಕಪಟ್ಟಿ ಕೈಗೆ ಬರುತ್ತದೆ.