ಗಾಜಿನ ಫ್ಯೂಸು: ಚಂದ್ರಬಂಡ ಸೀಮೆಯ ರೇಡಿಯೋ ಮತ್ತು ಟೇಪುಗಳ ಒಂದು ಚರಿತ್ರೆ

ವಿದ್ಯುತ್ತು ಮಿತಿ ಮೀರಿ ಹರಿದಾಗ ತಾನೇ ಕರಗಿ ಹರಿವನ್ನು ತುಂಡರಿಸುವ ತಂತಿಗೆ ಫ್ಯೂಸ್ ಎಂದು ಹೆಸರು. ಈ ಕಲ್ಪನೆ ಹುಟ್ಟಿದ್ದು ದೀಪಕ್ಕಾಗಿಯಲ್ಲ, ಟೆಲಿಗ್ರಾಫಿಗಾಗಿ. 1847ರಲ್ಲಿ ಫ್ರಾನ್ಸಿನ ಬ್ರೆಗೆ ಸಿಡಿಲಿನ ಹೊಡೆತದಿಂದ ಟೆಲಿಗ್ರಾಫ್ ಯಂತ್ರಗಳನ್ನು ಕಾಯಲು ಸಣ್ಣ ತಂತಿಯೊಂದನ್ನು ನಡುವೆ ಸೇರಿಸುವ ಉಪಾಯ ಹೇಳಿದ್ದನು. ಎಡಿಸನ್ ಅದನ್ನು ಮನೆಯ ವಿದ್ಯುತ್ತಿಗೆ ಒಗ್ಗಿಸಿ 1890ರಲ್ಲಿ ಪೇಟೆಂಟ್ ಪಡೆದನು.

ರಾಯಚೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಚಂದ್ರಬಂಡ ಮತ್ತು ಸುತ್ತಲಿನ ಹಳ್ಳಿಗಳು 1948ರವರೆಗೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದವು. ಹೈದರಾಬಾದಿನ ಡೆಕ್ಕನ್ ರೇಡಿಯೋ 1935ರಲ್ಲಿ ಆರಂಭವಾದರೆ, ಕಲಬುರಗಿ ಆಕಾಶವಾಣಿ 1966ರಲ್ಲಿ ಬಂದಿತು. ಕರೆಂಟಿಲ್ಲದ ಊರುಗಳಲ್ಲಿ ವಾಲ್ವ್ ರೇಡಿಯೋ ಬ್ಯಾಟರಿಯಿಂದಲೇ ನಡೆಯುತ್ತಿತ್ತು. ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟುವ ಚಿಂತೆ ಅದರ ಒಡೆಯನಿಗಿತ್ತೇ ಹೊರತು ಫ್ಯೂಸಿನ ಚಿಂತೆ ಇದ್ದುದು ಕಡಿಮೆ. ಮನೆಗೆ ಲೈನ್ ಎಳೆದು, ಟೇಪ್ ರೆಕಾರ್ಡರ್ ಮತ್ತು ಆಂಪ್ಲಿಫೈಯರ್‌ಗಳನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸತೊಡಗಿದ ಮೇಲೆ, ತತ್ವಪದ ಮತ್ತು ಮೊಹರಂ ಪದಗಳ ಕ್ಯಾಸೆಟ್ ತಿರುಗುತ್ತಿದ್ದಾಗಲೇ ಸದ್ದು ನಿಂತುಹೋಗುವ ತೊಂದರೆ ಮನೆಮನೆಗೆ ಪರಿಚಯವಾಯಿತು. ಹತ್ತಿರದ ಶಕ್ತಿನಗರದಲ್ಲಿ 1985ರಲ್ಲಿ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ ಆರಂಭವಾದರೂ, ಅಲ್ಲಿನ ವಿದ್ಯುತ್ತು ಇಡೀ ರಾಜ್ಯದ ಜಾಲಕ್ಕೆ ಹೋಗುವುದರಿಂದ ಸಮೀಪದ ಹಳ್ಳಿಗೆ ವೋಲ್ಟೇಜಿನ ಭರವಸೆ ಸಿಕ್ಕಿತೆಂದು ಹೇಳಲಾಗದು. ದೀಪದ ಬುಡದಲ್ಲೇ ಕತ್ತಲೆ ಎಂಬ ಗಾದೆಯನ್ನು ಇಲ್ಲಿ ನೆನೆದರೆ ತಪ್ಪಿಲ್ಲ.

ಮನೆಯಲ್ಲಿ ಫ್ಯೂಸು ಎರಡಿದ್ದವು ಎಂಬುದು ಬಹುತೇಕರಿಗೆ ಹೊಳೆಯುತ್ತಿರಲಿಲ್ಲ. ಮೀಟರಿನ ಪಕ್ಕದ ಪಿಂಗಾಣಿ ಫ್ಯೂಸು ಹಿಡಿಕೆಯಾದ ಕಿಟ್‌ಕ್ಯಾಟಿನಲ್ಲಿ ಕಟ್ಟುವ 5 ಆಂಪಿಯರ್ ತಂತಿ ಗೋಡೆಯ ವೈರಿಂಗನ್ನು ಕಾಯುತ್ತದೆ. ಸೆಟ್ಟಿನ ಹಿಂಬದಿಯಲ್ಲೋ ಒಳಗಿನ ಬೋರ್ಡಿನ ಮೇಲೋ ಕೂರುವ, 20 ಮಿ.ಮೀ. ಉದ್ದ ಮತ್ತು 5 ಮಿ.ಮೀ. ದಪ್ಪದ ಗಾಜಿನ ಫ್ಯೂಸು ಸೆಟ್ಟನ್ನು ಕಾಯುತ್ತದೆ. 230 ವೋಲ್ಟಿನಲ್ಲಿ 20 ವ್ಯಾಟ್ ಬಳಸುವ ಟೇಪು ಎಳೆಯುವುದು 0.1 ಆಂಪಿಯರಿಗೂ ಕಡಿಮೆ. ಆದ್ದರಿಂದ ಅದರ ಟ್ರಾನ್ಸ್‌ಫಾರ್ಮರ್ ಸುಟ್ಟು ವಾಸನೆ ಬಂದರೂ ಕಿಟ್‌ಕ್ಯಾಟಿಗೆ ಸುಳಿವೇ ಸಿಗದಿರಬಹುದು.

ಫ್ಯೂಸು ಬದಲಿಸುವುದು ಕಷ್ಟದ ಕೆಲಸವಲ್ಲ, ಹೋದ ಫ್ಯೂಸನ್ನು ಓದುವುದೇ ರಿಪೇರಿಯವನ ವಿದ್ಯೆಯಾಗಿತ್ತು. ಪ್ಲಗ್ ಕಿತ್ತು, ನಳಿಕೆಯನ್ನು ಹೊರತೆಗೆದು ಬೆಳಕಿಗೆ ಹಿಡಿದಾಗ, ಎಳೆ ನಡುವೆ ಮಾತ್ರ ಕಡಿದು ಗಾಜು ತಿಳಿಯಾಗಿದ್ದರೆ ಅದು ಹಳತಾಗಿ ಸವೆದದ್ದೋ ಹೊರೆ ತುಸು ಹೆಚ್ಚಾದದ್ದೋ ಆಗಿರಬಹುದು. ಗಾಜಿನ ಒಳಮೈ ಕಪ್ಪಾಗಿಯೋ ಕನ್ನಡಿಯಂತೆ ಬೆಳ್ಳಗಾಗಿಯೋ ಇದ್ದರೆ ಎಲ್ಲೋ ನೇರ ಶಾರ್ಟ್ ಆಗಿದೆ, ಡಯೋಡನ್ನೋ ಔಟ್‌ಪುಟ್ ಟ್ರಾನ್ಸಿಸ್ಟರನ್ನೋ ನೋಡದೆ ಹೊಸ ಫ್ಯೂಸು ಹಾಕಿದರೆ ಅದೂ ಹಾರುತ್ತದೆ. ಲೋಹದ ಟೋಪಿಯ ಮೇಲೆ ಕೊರೆದ ಅಕ್ಷರವನ್ನೂ ಗಮನಿಸಬೇಕಿತ್ತು: ‘ಎಫ್’ ಎಂದರೆ ಬೇಗ ಕರಗುವುದು, ‘ಟಿ’ ಎಂದರೆ ಸ್ವಿಚ್ ಹಾಕಿದ ಕ್ಷಣ ದೊಡ್ಡ ಟ್ರಾನ್ಸ್‌ಫಾರ್ಮರ್ ಎಳೆಯುವ ಹೆಚ್ಚಿನ ಕರೆಂಟನ್ನು ತಾಳಿಕೊಂಡು ನಿಧಾನವಾಗಿ ಕರಗುವುದು. ‘ಟಿ’ ಇರಬೇಕಾದಲ್ಲಿ ‘ಎಫ್’ ಕೂಡಿಸಿದರೆ, ಸೆಟ್ಟಿನಲ್ಲಿ ದೋಷವಿಲ್ಲದಿದ್ದರೂ ಫ್ಯೂಸು ಹೋಗುತ್ತಲೇ ಇರುತ್ತದೆ.

ಸರಿಯಾದ ಫ್ಯೂಸು ಕೈಗೆ ಸಿಗದಾಗ ಬಳಕೆಗೆ ಬಂದ ಉಪಾಯಗಳು ಈ ಚರಿತ್ರೆಯ ಅತಿ ಜೀವಂತ ಭಾಗ. ಸಿಗರೇಟು ಪಾಕೀಟಿನ ಬೆಳ್ಳಿ ಕಾಗದವನ್ನು ನಳಿಕೆಗೆ ಸುತ್ತುವುದು ಒಂದು. ವೈರಿನಿಂದ ತಾಮ್ರದ ಒಂದೇ ಎಳೆಯನ್ನು ಬಿಡಿಸಿ ಎರಡೂ ಟೋಪಿಗಳಿಗೆ ಬಿಗಿಯುವುದು ಇನ್ನೊಂದು. ತಂತಿಯ ದಪ್ಪಕ್ಕೂ ಅದು ಕರಗುವ ಕರೆಂಟಿಗೂ ಇರುವ ಲೆಕ್ಕವನ್ನು ಬ್ರಿಟನ್ನಿನ ವಿಲಿಯಂ ಪ್ರೀಸ್ 1880ರ ದಶಕದಲ್ಲಿ ಕಟ್ಟಿಕೊಟ್ಟಿದ್ದು, ಅದರಂತೆ 0.2 ಮಿ.ಮೀ. ದಪ್ಪದ ತಾಮ್ರದ ಎಳೆ ಕರಗಲು ಸುಮಾರು 7 ಆಂಪಿಯರ್ ಬೇಕು. ಅರ್ಧ ಆಂಪಿಯರಿನ ಜಾಗದಲ್ಲಿ ಅದನ್ನು ಬಿಗಿದವನು ‘ಒಂದೇ ಎಳೆ ಹಾಕಿದ್ದೇನೆ’ ಎಂದು ಎಷ್ಟು ಎಚ್ಚರದಿಂದ ಹೇಳಿಕೊಂಡರೂ, ಹಾಕಿದ್ದು ಫ್ಯೂಸಲ್ಲ, ಸೇತುವೆ. ಪಂಪ್‌ಸೆಟ್ಟುಗಳಿರುವ ಲೈನಿನಲ್ಲಿ ನ್ಯೂಟ್ರಲ್ ಕಡಿದರೆ ಕೆಲವು ಮನೆಗಳಿಗೆ 400 ವೋಲ್ಟಿನ ಹತ್ತಿರಕ್ಕೆ ಏರಿದ ವಿದ್ಯುತ್ತು ನುಗ್ಗುವುದುಂಟು. ಆಗ ಎಳೆ ಉಳಿದು ಟ್ರಾನ್ಸ್‌ಫಾರ್ಮರ್ ಬೇಯುತ್ತಿತ್ತು.

ಈಚಿನ ಸೆಟ್ಟುಗಳಲ್ಲಿ ಫ್ಯೂಸನ್ನು ಬೋರ್ಡಿಗೇ ಬೆಸುಗೆ ಹಾಕಿರುವುದುಂಟು, ಕೆಲವದರಲ್ಲಿ ಟ್ರಾನ್ಸ್‌ಫಾರ್ಮರಿನ ಸುತ್ತುಗಳ ನಡುವೆಯೇ, ಹಳದಿ ಟೇಪಿನ ಅಡಿಯಲ್ಲಿ, ಕಾವಿಗೆ ಕಡಿಯುವ ಫ್ಯೂಸನ್ನು ಹುದುಗಿಸಿರುತ್ತಾರೆ. ಅದು ಕಡಿದಿದೆಯೇ ಎಂದು ತಿಳಿಯಲು ಬೆಳಕಿಗೆ ಹಿಡಿದು ನೋಡಲಾಗದು, ಮೀಟರಿನ ಕಡ್ಡಿಗಳನ್ನೇ ಮುಟ್ಟಿಸಬೇಕು.