ಮೂಲ ಪ್ರತಿಯಲ್ಲಿ ನಮ್ಮೂರು

2024ರ ಆರಂಭದಲ್ಲಿ ಸಂವಿಧಾನ ಜಾಗೃತಿ ಜಾಥಾದ ಸ್ತಬ್ಧಚಿತ್ರಗಳು ರಾಜ್ಯದ ಗ್ರಾಮ ಪಂಚಾಯಿತಿಗಳನ್ನೆಲ್ಲ ಸುತ್ತಿದವು. ಹುಕ್ಕೇರಿ ತಾಲ್ಲೂಕಿನ ನಮ್ಮ ಕಣಗಲಾದಲ್ಲಿ ಆ ಸಂಜೆ ಅಜ್ಜ ಕಟ್ಟೆಯ ಮೇಲೆ ಕೂತು ಕೇಳಿದ್ದು ಒಂದೇ ಪ್ರಶ್ನೆ: “ಎಲ್ಲಾ ಖರೆ, ಆದ್ರ ಆ ಪುಸ್ತಕದಾಗ ನಮ್ಮೂರು ಎಲ್ಲೈತಿ?” ಇತಿಹಾಸದಲ್ಲಿ ಪಿಎಚ್‌.ಡಿ. ಮಾಡುತ್ತಿರುವ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಸಂವಿಧಾನದ ಮೂಲ ಪ್ರತಿ ಅಚ್ಚಾದದ್ದಲ್ಲ, ಬರೆದದ್ದು. ಇಂಗ್ಲಿಷ್ ಪ್ರತಿಯನ್ನು ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ, ಹಿಂದಿ ಪ್ರತಿಯನ್ನು ವಸಂತ ಕೃಷ್ಣ ವೈದ್ಯ ಕೈಯಾರೆ ಬರೆದರು. ಪುಟಗಳನ್ನು ಚಿತ್ರಗಳಿಂದ ತುಂಬಿದವರು ಶಾಂತಿನಿಕೇತನದ ನಂದಲಾಲ್ ಬೋಸ್ ಮತ್ತು ಅವರ ಶಿಷ್ಯರು. ಸಿಂಧೂ ಕಣಿವೆಯ ಗೂಳಿಯಿಂದ ಹೊರಟ ಆ ಚಿತ್ರಮಾಲೆಯಲ್ಲಿ ನಮ್ಮ ಟಿಪ್ಪು ಸುಲ್ತಾನ್ ಝಾನ್ಸಿಯ ಲಕ್ಷ್ಮೀಬಾಯಿಯ ಜೊತೆ ಒಂದೇ ಪುಟದಲ್ಲಿದ್ದಾನೆ. 1950ರ ಜನವರಿ 24ರಂದು ಸದಸ್ಯರು ಇದಕ್ಕೆ ಸಹಿ ಹಾಕಿದರು.

ಇಂದು ಆ ಪ್ರತಿಗಳು ದೆಹಲಿಯ ಸಂಸತ್ತಿನ ಗ್ರಂಥಾಲಯದಲ್ಲಿವೆ. ಹೀಲಿಯಂ ತುಂಬಿದ ಪೆಟ್ಟಿಗೆಯಲ್ಲಿವೆ ಎಂದು ಹಲವರು ಬರೆಯುತ್ತಾರೆ. ನಿಜಕ್ಕೂ ಅಲ್ಲಿರುವುದು ನೈಟ್ರೋಜನ್. ಅಮೆರಿಕದ ಗೆಟ್ಟಿ ಸಂರಕ್ಷಣಾ ಸಂಸ್ಥೆ ಮತ್ತು ನಮ್ಮ ರಾಷ್ಟ್ರೀಯ ಭೌತ ಪ್ರಯೋಗಾಲಯ ಸೇರಿ ರೂಪಿಸಿದ ಆ ಗಾಜಿನ ಪೆಟ್ಟಿಗೆಗಳು 1994ರಲ್ಲಿ ಬಂದವು. ಆಮ್ಲಜನಕ ಶೇ 1ಕ್ಕಿಂತ ಕಡಿಮೆಯಿದ್ದರೆ ಹುಳವೂ ಬದುಕದು, ಕಾಗದವೂ ಬೇಗ ಹಳದಿಯಾಗದು. ಕೈರೋದಲ್ಲಿ ಈಜಿಪ್ಟಿನ ಅರಸರ ಮಮ್ಮಿಗಳನ್ನು ಕಾಪಾಡಲು ಗೆಟ್ಟಿ ರೂಪಿಸಿದ್ದು ಕೂಡ ಇದೇ ಬಗೆಯ ಪೆಟ್ಟಿಗೆ.

ಹೀಲಿಯಂ ಇದ್ದದ್ದು ಅಮೆರಿಕದ ಸ್ಥಾಪನಾ ದಾಖಲೆಗಳಿಗೆ, 1951ರಿಂದ. ಈಗ ಅಲ್ಲಿಯೂ ಆರ್ಗಾನ್ ಬಂದಿದೆ. ಅವರ ಸ್ವಾತಂತ್ರ್ಯ ಘೋಷಣೆಯನ್ನು 1841ರಿಂದ ಸುಮಾರು 35 ವರ್ಷ ಪೇಟೆಂಟ್ ಕಚೇರಿಯಲ್ಲಿ ಬೆಳಕಿಗೆ ಒಡ್ಡಿ ನೇತುಹಾಕಿದ್ದರು. ಜನ ಬಂದು ನೋಡಿದರು, ಶಾಯಿ ಮಾಸಿತು. ನೋಡಲು ಬಿಟ್ಟರೆ ದಾಖಲೆ ಸವೆಯುತ್ತದೆ, ಬಿಡದಿದ್ದರೆ ಅದು ಯಾರದೆಂಬುದೇ ಜನಕ್ಕೆ ಮರೆಯುತ್ತದೆ. ಈ ಇಕ್ಕಟ್ಟಿಗೆ ನಮ್ಮವರು ಆಗಲೇ ಒಂದು ದಾರಿ ಕಂಡುಕೊಂಡಿದ್ದರು. ಡೆಹ್ರಾಡೂನಿನ ಸರ್ವೆ ಆಫ್ ಇಂಡಿಯಾ ಮೂಲ ಪುಟಗಳ ಯಥಾಪ್ರತಿಗಳನ್ನು ಮುದ್ರಿಸಿತು. ಅಂಥದೊಂದು ಪ್ರತಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಜಾಲತಾಣದಲ್ಲಿದೆ. ನಾನು ನೋಡಿದ್ದು ಅದನ್ನೇ, ಮೊಬೈಲಿನಲ್ಲಿ.

ಅಜ್ಜನ ಪ್ರಶ್ನೆ ಹಿಡಿದು ನೇರವಾಗಿ ಮೊದಲ ಅನುಸೂಚಿಗೆ ಹೋದೆ. ಅಲ್ಲಿ ಕರ್ನಾಟಕವಿಲ್ಲ. ‘ಎ’ ಭಾಗದಲ್ಲಿ ಮುಂಬಯಿ ಮತ್ತು ಮದ್ರಾಸ್, ‘ಬಿ’ ಭಾಗದಲ್ಲಿ ಹೈದರಾಬಾದ್ ಮತ್ತು ಮೈಸೂರು, ‘ಸಿ’ ಭಾಗದಲ್ಲಿ ಕೊಡಗು. ಕನ್ನಡ ಮಾತಾಡುವ ನೆಲ ಐದು ಹೆಸರುಗಳಡಿ ಹಂಚಿಹೋಗಿದೆ. ಬೆಳಗಾವಿ ಜಿಲ್ಲೆ ಆಗ ಮುಂಬಯಿಯ ಪಾಲು, ಕಣಗಲಾವೂ ಅದರೊಳಗೆ. ಆ ಸಂವಿಧಾನ ಸಭೆಯಲ್ಲಿ ಮುಂಬಯಿಯ ಕಡೆಯಿಂದ ಕೂತಿದ್ದ ಎಸ್. ನಿಜಲಿಂಗಪ್ಪನವರು 1956ರಲ್ಲಿ ಒಂದಾದ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು. ‘ಕರ್ನಾಟಕ’ ಎಂಬ ಹೆಸರು ಬಂದದ್ದು 1973ರಲ್ಲಿ.

ಎಂಟನೆಯ ಅನುಸೂಚಿ ಬೇರೆಯದೇ ಕತೆ ಹೇಳುತ್ತದೆ. ಅಲ್ಲಿರುವ 14 ಭಾಷೆಗಳಲ್ಲಿ ಕನ್ನಡ ಐದನೆಯದು, ಮರಾಠಿ ಎಂಟನೆಯದು. ಇಂಗ್ಲಿಷ್ ಅಕ್ಷರಮಾಲೆಯ ಕ್ರಮ, ಅಷ್ಟೆ. ಆದರೂ ನೆಲಕ್ಕೆ ಹೆಸರಿಲ್ಲದ ದಿನ ನುಡಿಗೆ ಹೆಸರಿತ್ತು ಎಂಬುದು ಗಡಿಯ ಹಳ್ಳಿಯವನಾದ ನನಗೆ ಸಣ್ಣ ಮಾತಲ್ಲ. ನಮ್ಮ ಊರುಗಳು ಯಾರವು ಎಂಬ ಜಗಳ 2004ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಮೆಟ್ಟಿಲೇರಿದ್ದು ಇದೇ ಪುಸ್ತಕದ 131ನೇ ವಿಧಿ ಹಿಡಿದು.

ಮೂಲ ಪ್ರತಿಯನ್ನು ನೋಡುವಾಗ ಒಂದು ಎಚ್ಚರ ಬೇಕು. ಗಾಜಿನೊಳಗಿರುವುದು 1950ರ ಪಠ್ಯ. 2023ರ ಹೊತ್ತಿಗೆ ಅದಕ್ಕೆ 106 ತಿದ್ದುಪಡಿಗಳಾಗಿವೆ. ಪೀಠಿಕೆಯ ‘ಸಮಾಜವಾದಿ’, ‘ಜಾತ್ಯತೀತ’ ಪದಗಳು 1976ರಲ್ಲಿ ಸೇರಿದವು. ಹಳೆಯ ಪುಟದಲ್ಲಿ ಅವಿಲ್ಲವೆಂದು ತೋರಿಸಿ ಇವತ್ತಿನದು ಸುಳ್ಳು ಎನ್ನುವವರಿದ್ದಾರೆ. ಹಾಗಾದರೆ ಆ ಪುಟದಲ್ಲಿ ಕರ್ನಾಟಕವೂ ಇಲ್ಲವಲ್ಲ! ನಾವು ಬೇಡಿದ್ದು, ಹೋರಾಡಿ ಪಡೆದದ್ದು ಬಂದು ಸೇರಿದ್ದು ತಿದ್ದುಪಡಿಯ ದಾರಿಯಿಂದಲೇ. ತನ್ನನ್ನು ತಿದ್ದುವ ಬಗೆಯನ್ನು 368ನೇ ವಿಧಿಯಲ್ಲಿ ಮೂಲ ಪ್ರತಿಯೇ ಬರೆದಿಟ್ಟಿದೆ.

ಇದನ್ನೆಲ್ಲ ಅಜ್ಜನಿಗೆ ಹೇಳಿದೆ. ಅವರು ಮುಂಬಯಿ ರಾಜ್ಯವಿದ್ದಾಗ ಮರಾಠಿ ಸಾಲೆಯಲ್ಲಿ ಕಲಿತವರು, ಮನೆಯಲ್ಲಿ ಕನ್ನಡ. ಎಂಟನೆಯ ಅನುಸೂಚಿಯ ಪುಟವನ್ನು ದೊಡ್ಡದು ಮಾಡಿ ಐದನೆಯ ಸಾಲಿಗೆ ಬೆರಳಿಟ್ಟು ತೋರಿಸಿದೆ, ಆಮೇಲೆ ಎಂಟನೆಯದಕ್ಕೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ಎರಡೂ ಅದಾವಲ್ಲ, ಸಾಕು,” ಎಂದು ಮೊಬೈಲು ತಿರುಗಿ ಕೊಟ್ಟರು.